ಮೂರನೆಯ ಜೋಡಿ ವಾಲ್ವು

"ಅಮ್ಮಾ!"

ಹಿಲ್ಡಾ ಕ್ರಾನ್‌ಶಾ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಳು. ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ಲಿಫೈಯರಿನ ಹಿಂಬದಿಯಲ್ಲಿ, ಗಾಜಿನ ಬುರುಡೆಯಂಥ ಎರಡು ವಾಲ್ವುಗಳ ಕೆಂಪು ಬೆಳಕು ಆರಿಹೋಗಿತ್ತು. ಆದರೆ ಗಾಜು ಮಾತ್ರ ಒಲೆಯ ಮೇಲಿಟ್ಟ ಕಾವಲಿಯಂತೆ ಕಾದಿತ್ತು.

"ಮುಟ್ಬೇಡಿ ಅಂತ ಬಾಯಿ ಬಡ್ಕೊಂಡೆ," ಎಂದ ಹೊರೇಸ್. "ಸ್ವಿಚ್ ಆರಿಸಿದ ತಕ್ಷಣ ತಣ್ಣಗಾಗೋಕೆ ಅದೇನು ಟೀ ಲೋಟನಾ? ಒಂದು ಸಿಗರೇಟು ಪೂರ್ತಿ ಸೇದಿ ಮುಗಿಸೋವರೆಗೂ ಯಾರೂ ಅದಕ್ಕೆ ಕೈ ಹಾಕಲ್ಲ."

"ಮುಟ್ಟಿದ್ರೇನೆ ಗೊತ್ತಾಗೋದು," ಎಂದಳು ಹಿಲ್ಡಾ, ಬೆರಳನ್ನು ಬಾಯಿಂದ ತೆಗೆಯದೆ.

ನಿಜ ಹೇಳಬೇಕೆಂದರೆ ಅವಳಿಗೆ ಬೇಕಾಗಿದ್ದುದೂ ಅದೇ. ಅದಕ್ಕಾಗಿಯೇ ಹೊರೇಸನ ಕೈಗೆ ಗಿಟಾರ್ ಕೊಟ್ಟು ಕೂರಿಸಿದ್ದಳು. ಪಾಪ, ಅವನು ಕ್ಲಬ್ಬಿನ ಡ್ರಮ್ ಬಾರಿಸುವವನು. ಗಿಟಾರಿನಲ್ಲಿ ಅವನಿಗೆ ಬರುತ್ತಿದ್ದುದು ಮೂರೇ ಮೂರು ಸ್ವರಜೋಡಣೆ. ಆ ಮೂರನ್ನೇ ಹಿಂದೆ ಮುಂದೆ ಮಾಡಿ ಒಂದು ಗಂಟೆ ಎಳೆದಿದ್ದ. ಖಾಲಿ ಸಭಾಂಗಣದ ಕುರ್ಚಿಗಳಿಗೆ ಜೀವವಿದ್ದಿದ್ದರೆ ಎದ್ದು ಹೋಗುತ್ತಿದ್ದವು.

ಎರಡು ವಾರದ ಹಿಂದಿನ ಶನಿವಾರ ಇದೇ ವೇದಿಕೆಯ ಮೇಲೆ, ಇದೇ ಪೆಟ್ಟಿಗೆಗೆ ಗಿಟಾರ್ ಸಿಕ್ಕಿಸಿ ನುಡಿಸುತ್ತಿದ್ದ ವಾಲಿ ಡಕ್‌ವರ್ತ್, ಕರೆಂಟು ಹೋದ ಕತ್ತಲಲ್ಲಿ ಮಾಯವಾಗಿದ್ದ. ದೊಡ್ಡವರು ಮನೆ ಬಿಟ್ಟು ಹೋಗುವುದು ಅಪರಾಧವಲ್ಲ ತಾಯಿ ಎಂದು ಪೊಲೀಸ್ ಸಾರ್ಜೆಂಟ್ ಕೈ ತೊಳೆದುಕೊಂಡಿದ್ದ.

ಹಾಗೆ ಹೇಳಿಸಿಕೊಂಡು ಬಂದವಳು ವಾಲಿಯ ಒಬ್ಬಳೇ ಮಗಳು ಗ್ಲೆನಿಸ್. ಈಗ ವೇದಿಕೆಯ ಅಂಚಿನಲ್ಲಿ ಕೋಟಿನ ಗುಂಡಿ ಬಿಚ್ಚದೆ ಕೂತಿದ್ದಳು. ವಾಲ್‌ಪೇಪರ್ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಬಂದವಳು. ಮೊದಲ ದಿನ ಹಿಲ್ಡಾಳ ಬಾಗಿಲು ತಟ್ಟಿದಾಗ ಅವಳು ಹೇಳಿದ್ದು ಇಷ್ಟೇ: "ಸತ್ತಿದ್ರೆ ಅಳ್ತೀನಿ. ಬಿಟ್ಟು ಹೋಗಿದ್ರೆ ಬೈತೀನಿ. ಯಾವುದು ಮಾಡ್ಬೇಕು ಅಂತ ಗೊತ್ತಾಗದೆ ಬರೀ ಕೂತಿದೀನಿ ಮಿಸೆಸ್ ಕ್ರಾನ್‌ಶಾ."

ಆ ಮಾತು ಹಿಲ್ಡಾಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹದಿನೆಂಟು ವರ್ಷ ದೊಡ್ಡ ಅಂಗಡಿಯೊಂದರಲ್ಲಿ ಗಿರಾಕಿಯ ವೇಷ ಹಾಕಿಕೊಂಡು ಕಳ್ಳರನ್ನು ಹಿಡಿದವಳು ಅವಳು. ಗಂಡ ತೀರಿಕೊಂಡ ಮೇಲೆ ಸ್ವಂತಕ್ಕೆ ಪತ್ತೇದಾರಿಕೆಗಿಳಿದಿದ್ದಳು. ಅಳಲೂ ಆಗದೆ ಬೈಯಲೂ ಆಗದೆ ಕೂತ ಹೆಂಗಸರು ಅವಳಿಗೆ ಹೊಸಬರಲ್ಲ. ಆದರೂ ಈ ಹುಡುಗಿಗೆ ಇಲ್ಲ ಎನ್ನಲಾಗಲಿಲ್ಲ.

"ಇನ್ನೂ ಎಷ್ಟು ಹೊತ್ತು ಹೊರೇಸ್ ಮಾಮ?" ಎಂದಳು ಗ್ಲೆನಿಸ್.

"ಅವಸರ ಯಾಕೆ ಪುಟ್ಟಿ? ಎರಡು ಗಂಟೆಯ ತನಕ ಕರೆಂಟು ಇರುತ್ತೆ ಅಂತ ಪೇಪರಲ್ಲೇ ಹಾಕಿದಾರೆ." ಹೊರೇಸ್ ಸಿಗರೇಟು ಹಚ್ಚಿದ. ಕಲ್ಲಿದ್ದಲು ಗಣಿಯವರ ಮುಷ್ಕರ ಶುರುವಾದಾಗಿನಿಂದ ಊರಿನವರೆಲ್ಲ ಕರೆಂಟು ಹೋಗುವ ಗಳಿಗೆಯನ್ನು ಪೇಪರಿನಲ್ಲಿ ನೋಡಿಕೊಂಡೇ ಒಲೆ ಹಚ್ಚುತ್ತಿದ್ದರು, ಸ್ನಾನ ಮಾಡುತ್ತಿದ್ದರು, ಮದುವೆಯನ್ನೂ ಮುಗಿಸುತ್ತಿದ್ದರು.

"ನಿದ್ದೆ ಸರಿಯಾಗಿ ಮಾಡ್ತಿದೀಯಾ?" ಹಿಲ್ಡಾ ಕೇಳಿದಳು.

"ಎಲ್ಲಿಂದ ನಿದ್ದೆ? ಸಾಲದ್ದಕ್ಕೆ ಪಕ್ಕದ ಮನೆ ಮಿಸೆಸ್ ಪಾಮ್‌ಫ್ರೆಟ್ ಜಗಳಕ್ಕೆ ಬಂದಿದ್ರು. ಮಧ್ಯಾಹ್ನದ ಹೊತ್ತು ಅಷ್ಟು ಜೋರಾಗಿ ಹಾಡು ಹಾಕ್ತೀಯಲ್ಲ, ಅಪ್ಪ ಹೋದ ದುಃಖ ಚೂರಾದ್ರೂ ಬೇಡ್ವಾ ಅಂತ. ಮಧ್ಯಾಹ್ನ ನಾನು ಕಾರ್ಖಾನೇಲಿ ಸಾಯ್ತಿರ್ತೀನಿ!"

"ಆ ಅಜ್ಜಿಗೆ ಗಡಿಯಾರದ ಟಿಕ್ ಟಿಕ್ಕೂ ಹಾಡೇ," ಎಂದ ಹೊರೇಸ್. "ಹೋದ ವರ್ಷ ನನ್ನ ಡ್ರಮ್ಮಿನ ಸದ್ದು ಅಂತ ಕಂಪ್ಲೇಂಟ್ ಕೊಟ್ಟಿದ್ದು ನೆನಪಿದೆಯಾ? ನಾನು ಆಸ್ಪತ್ರೇಲಿ ಮಲಗಿದ್ದೆ."

ಮೂವರೂ ನಕ್ಕರು. ಗ್ಲೆನಿಸ್ ನಕ್ಕಿದ್ದನ್ನು ಹಿಲ್ಡಾ ನೋಡಿದ್ದು ಅದೇ ಮೊದಲು.

ಸಿಗರೇಟು ಮುಗಿಯಿತು. ಹೊರೇಸ್ ತಲೆಯಾಡಿಸಿದ. ಹಿಲ್ಡಾ ಮತ್ತೆ ಮಂಡಿಯೂರಿ ಕೂತಳು.

"ಎಳೀಬೇಡಿ. ಬೀಳೋಕೆ ಬಂದ ಹಾಲುಹಲ್ಲು ಅಲ್ಲಾಡಿಸಿದ ಹಾಗೆ ಅತ್ತಿತ್ತ ಮೆಲ್ಲಗೆ ಆಡಿಸ್ತಾ ಮೇಲಕ್ಕೆ ತನ್ನಿ. ಕೆಳಗಿನ ಕಾಲುಗಳು ಸೂಜಿಗಿಂತ ತೆಳು. ಒಂದು ಬಗ್ಗಿದ್ರೂ ಮುಗೀತು."

ಬಾಬಿನ್ ಬೀದಿಯ ಕಾರ್ಮಿಕರ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಆಂಪ್ಲಿಫೈಯರ್ ಕ್ಲಬ್ಬಿನದು. ಸೂಟ್‌ಕೇಸಿನಷ್ಟೇ ಇರುವ ಆ ಪೆಟ್ಟಿಗೆಯನ್ನು ಯಾರೂ ಹೊತ್ತೊಯ್ಯದಂತೆ ವೇದಿಕೆಯ ಹಲಗೆಗೆ ಬೋಲ್ಟು ಹಾಕಿ ಬಿಗಿದಿದ್ದರು. ಆದರೆ ವಾರ ವಾರ ಬರುವ ಗಿಟಾರಿನವರು ತಮ್ಮ ತಮ್ಮ ವಾಲ್ವು ತಾವೇ ತರುತ್ತಿದ್ದರು, ಕಾಲುಚೀಲದಲ್ಲಿ ಸುತ್ತಿಕೊಂಡು. ಕ್ಲಬ್ಬಿನ ಸವೆದ ಜೋಡಿಯನ್ನು ಕಿತ್ತು ಹಿಂದಿನ ಗೂಡಿನ ಟೀ ಡಬ್ಬದಲ್ಲಿಡುವುದು, ತಮ್ಮದನ್ನು ಹಾಕಿಕೊಳ್ಳುವುದು, ಆಟ ಮುಗಿದ ಮೇಲೆ ತಮ್ಮದನ್ನು ತೆಗೆದುಕೊಂಡು ಕ್ಲಬ್ಬಿನದನ್ನು ಮೊದಲಿನಂತೆ ಕೂರಿಸುವುದು. ತಂದ ವಾಲ್ವು ಮರೆತು ಹೋದವನೆಂದರೆ ತನ್ನ ಹಲ್ಲಿನ ಸೆಟ್ಟು ಮರೆತು ಹೋದವನಿದ್ದಂತೆ. ಮುಂದಿನ ವರ್ಷವೂ ಅವನನ್ನು ಆಡಿಕೊಂಡು ನಗುತ್ತಿದ್ದರು.

ವಾಲಿಯ ಜೋಡಿಯಂತೂ ಊರಿಗೇ ಗೊತ್ತು. ಅವನ ಹೆಂಡತಿ ನೆಲ್ಲಿ ಬ್ಲಾಕ್‌ಬರ್ನಿನ ವಾಲ್ವು ಕಾರ್ಖಾನೆಯಲ್ಲಿ ಪರೀಕ್ಷೆಯ ಮೇಜಿನಲ್ಲಿದ್ದವಳು. ಸಾವಿರಾರರಲ್ಲಿ ಎರಡನ್ನು ಆರಿಸಿ, ಬುಡಕ್ಕೆ ನೀಲಿ ಬಣ್ಣದ ಚುಕ್ಕೆಯಿಟ್ಟು ಅವನಿಗೆ ಕೊಟ್ಟಿದ್ದಳು. ಅವಳು ತೀರಿಕೊಂಡು ಆರು ವರ್ಷ. ಆ ವಾಲ್ವುಗಳು ಗ್ಲೆನಿಸಳ ಕೂಸುತನದ ಹಳದಿ ಕಾಲುಚೀಲದೊಳಗೆ ಮಲಗಿ ವಾಲಿಯ ಜೇಬಿನಲ್ಲಿ ಊರೂರು ತಿರುಗುತ್ತಿದ್ದವು.

ಮೊದಲ ವಾಲ್ವು ಹಿಲ್ಡಾಳ ಕೈಗೆ ಬಂತು. ಗ್ಲೆನಿಸ್ ಟಾರ್ಚ್ ಹಿಡಿದಳು.

"ನೀಲಿ ಇಲ್ಲ," ಎಂದಳು ಕೂಡಲೇ.

"ನೀಲಿ ಇರಲ್ಲಮ್ಮ. ನಿಮ್ಮಪ್ಪನ ಜೋಡಿ ಹೋಯ್ತಲ್ಲ, ಇದು ಕ್ಲಬ್ಬಿನದ್ದು," ಎಂದು ಹೊರೇಸ್ ಬಗ್ಗಿ ನೋಡಿದವನು ಹುಬ್ಬು ಗಂಟಿಕ್ಕಿದ. "ಅಲ್ಲ. ಕ್ಲಬ್ಬಿನದಕ್ಕೆ ಕೆಂಪು ಚುಕ್ಕೆ ಇರ್ಬೇಕು. ಯಾರೂ ಕದೀಬಾರ್ದು ಅಂತ ಬಾರಿನ ಆಲ್ಮಾ ಉಗುರಿನ ಬಣ್ಣ ಹಚ್ಚಿದ್ಲು."

ಕೆಂಪೂ ಇರಲಿಲ್ಲ. ಎರಡನೆಯದಕ್ಕೂ ಇರಲಿಲ್ಲ.

"ಅದಕ್ಕೇ ಈ ಪೆಟ್ಟಿಗೆಗೆ ಎರಡು ವಾರದಿಂದ ನೆಗಡಿ ಬಂದ ಹಾಗಿರೋದು!" ಎಂದ ಹೊರೇಸ್. "ನನ್ನ ಕೈಯ ದೋಷ ಅಂದ್ಕೊಂಡಿದ್ದೆ."

"ಅದೂ ಇರ್ಬಹುದು," ಎನ್ನುತ್ತಾ ಹಿಲ್ಡಾ ವಾಲ್ವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಈ ಸಭಾಂಗಣದಲ್ಲಿ ಒಂದು ವರ್ಷವಿದ್ದ ವಸ್ತುವಿಗೆ ತಂಬಾಕಿನ ಕಂದು ಜಿಡ್ಡು ಹಿಡಿಯದೆ ಬಿಡುತ್ತಿರಲಿಲ್ಲ. ಗೋಡೆ, ಪರದೆ, ಮಹಾರಾಣಿಯ ಪಟ, ಎಲ್ಲವೂ ಟೀ ಬಣ್ಣಕ್ಕೆ ತಿರುಗಿದ್ದವು. ಈ ಗಾಜಿನ ನೆತ್ತಿಗೆ ಅಂಟಿದ್ದುದು ಬೂದು ಬಣ್ಣದ ನಯವಾದ ಧೂಳು, ಮನೆಯ ರತ್ನಗಂಬಳಿಯಿಂದೇಳುವಂಥದ್ದು. ಮೂಸಿ ನೋಡಿದಳು. ಮರದ ಸಾಮಾನಿಗೆ ಹಚ್ಚುವ ಲ್ಯಾವೆಂಡರ್ ಪಾಲಿಶ್ ವಾಸನೆ ಸಣ್ಣಗೆ ಬಂತು.

"ಟೀ ಡಬ್ಬ ತೆಗಿ ಹೊರೇಸ್."

ಡಬ್ಬ ಖಾಲಿಯಾಗಿತ್ತು.

ಹಿಲ್ಡಾ ಎದ್ದು ಮಂಡಿಯ ಧೂಳು ಕೊಡವಿಕೊಂಡಳು. "ವಾಲಿ ಹೋಗಿದ್ದನ್ನ ಕಂಡೆ ಅಂದ ಸಿರಿಲ್ ಊಟಕ್ಕೆ ಕೂತಿರ್ತಾರಲ್ವಾ ಈಗ? ಬನ್ನಿ. ಹೊಟ್ಟೆ ತುಂಬೋ ಮೊದಲೇ ಮಾತಾಡೋಣ."

* * *

ಸಿರಿಲ್ ಹೇವರ್ತ್ ಕ್ಲಬ್ಬಿನ ಮನರಂಜನಾ ಕಾರ್ಯದರ್ಶಿ. ವೇದಿಕೆ ಹತ್ತಿ ಮೈಕ್ ಹಿಡಿದು ಗಲಾಟೆ ಮಾಡಬೇಡಿ ಎಂದು ಜನರ ಮೇಲೆ ಗಲಾಟೆ ಮಾಡುವುದು ಇಪ್ಪತ್ತು ವರ್ಷದಿಂದ ಅವನ ಕೆಲಸ. ಅಷ್ಟು ವರ್ಷದಲ್ಲಿ ಆ ಆಂಪ್ಲಿಫೈಯರಿನ ಹಿಂಬದಿಗೆ ಒಮ್ಮೆಯೂ ಇಣುಕಿದವನಲ್ಲ. ಸಮಿತಿಯ ಕೋಣೆಯಲ್ಲಿ, ಡಾರ್ಟ್ಸ್ ಗೆದ್ದ ಬೆಳ್ಳಿ ಬಟ್ಟಲುಗಳ ಕಪಾಟಿನ ಕೆಳಗೆ, ಮಾಂಸದ ಪೈ ಮತ್ತು ಬೇಯಿಸಿದ ಬಟಾಣಿಯ ಮುಂದೆ ಕೂತಿದ್ದ.

ಹಿಲ್ಡಾ ಅವನ ಮುಖ ನೋಡಲಿಲ್ಲ. ಅಂಗಡಿಯ ಕೆಲಸ ಕಲಿಸಿದ ಪಾಠವದು. ಮುಖ ಸುಳ್ಳು ಹೇಳಲು ಕಲಿತಿರುತ್ತದೆ, ಕೈ ಕಲಿತಿರುವುದಿಲ್ಲ. ಸಿರಿಲ್ ಫೋರ್ಕನ್ನು ತೋರುಬೆರಳಿಗೆ ತಾಕಿಸದೆ, ನಡುಬೆರಳು ಉಂಗುರಬೆರಳಿನ ನಡುವೆ ಸಿಕ್ಕಿಸಿ ಹಿಡಿದಿದ್ದ.

"ಸಿರಿಲ್ ಅವರೇ, ಆ ಶನಿವಾರದ್ದು ಇನ್ನೊಂದು ಸಲ ಹೇಳಿ."

"ಎಷ್ಟು ಸಲ ಹೇಳೋದು ತಾಯಿ? ಕರೆಂಟು ಹೋಯ್ತು. ನಾನೇ ಮೇಣದಬತ್ತಿ ಹಿಡಿದೆ. ವಾಲಿ ತನ್ನ ವಾಲ್ವು ಎರಡೂ ಕಿತ್ತು ಕಾಲುಚೀಲಕ್ಕೆ ಹಾಕ್ಕೊಂಡ, ಗಿಟಾರ್ ಎತ್ಕೊಂಡ, ಹಿತ್ತಲ ಬಾಗಿಲಿಂದ ಹೋದ. ದಿನಾ ಹೋಗೋ ಹಾಗೆ."

"ತಕ್ಷಣ?"

"ತಕ್ಷಣ. ಜನ ಇನ್ನೂ ಬೆಂಕಿಪೊಟ್ಟಣ ಹುಡುಕ್ತಿದ್ರು."

"ಸಿಗರೇಟು ಸೇದಲಿಲ್ವಾ?"

"ಸಿಗರೇಟಿಗೆಲ್ಲಿ ಟೈಮು? ತಕ್ಷಣ ಅಂದೆನಲ್ಲ."

ಹಿಲ್ಡಾ ತನ್ನ ಹೆಬ್ಬೆರಳನ್ನು ಅವನ ತಟ್ಟೆಯ ಪಕ್ಕಕ್ಕೆ ಚಾಚಿದಳು. ಬೊಬ್ಬೆ ಎದ್ದಿತ್ತು. "ನಾನೂ ಈಗ ತಾನೆ ತಕ್ಷಣ ಕೀಳೋಕೆ ಹೋದೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ವಾಲಿ ಹೀಗೆ ಕೈ ಹಾಕ್ತಿದ್ನಾ? ಗೊತ್ತಿಲ್ಲದೋರು ಮಾತ್ರ ಹಾಕ್ತಾರೆ. ಎಲ್ಲಿ, ನಿಮ್ಮ ಬೆರಳು ತೋರಿಸಿ."

ಸಿರಿಲ್ ಕೈಯನ್ನು ಮೇಜಿನ ಕೆಳಗೆ ಇಳಿಸಿದ.

"ಅಡುಗೆಮನೇಲಿ ಸುಟ್ಕೊಂಡೆ."

"ನೀನು? ಅಡುಗೆಮನೇಲಿ?" ಎಂದ ಹೊರೇಸ್. "ನಿಮ್ಮನೆ ಒಲೆ ಯಾವ ಗೋಡೆ ಕಡೆ ಇದೆ ಹೇಳು ನೋಡೋಣ."

"ನೀನು ಸುಮ್ನಿರಯ್ಯಾ!"

ಹಿಲ್ಡಾ ಕೈಚೀಲದಿಂದ ವಾಲ್ವೊಂದನ್ನು ತೆಗೆದು ಬಟಾಣಿಯ ಪಕ್ಕದಲ್ಲಿ ನಿಲ್ಲಿಸಿದಳು. "ಇದು ವಾಲಿಯದ್ದಲ್ಲ, ಕ್ಲಬ್ಬಿಂದೂ ಅಲ್ಲ. ಯಾರದೋ ನಡುಮನೆಯಿಂದ ಬಂದಿದೆ. ಲ್ಯಾವೆಂಡರ್ ಪಾಲಿಶ್ ಹಾಕೋ ಮನೆ. ನಿಮ್ಮ ಹೆಂಡತಿ ಹತ್ರ ಹೋಗಿ ಕೇಳ್ಲಾ, ನಿಮ್ಮ ಹತ್ರಾನೇ ಕೇಳ್ಲಾ?"

ಹೆಂಡತಿಯ ಹೆಸರೆತ್ತಿದ್ದೇ ತಡ, ಸಿರಿಲನ ಮುಖದ ಬಣ್ಣ ಇಳಿಯಿತು. ಆದರೂ ಅವನು ಬಾಯಿ ಬಿಡಲಿಲ್ಲ. ಬಾಯಿ ಬಿಡಿಸಿದವಳು ಗ್ಲೆನಿಸ್. ಅವಳು ಅತ್ತ ಕಡೆಯ ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು, ಅಷ್ಟೇ.

"ಸಿರಿಲ್ ಮಾಮ, ಅಮ್ಮನ್ನ ಮಣ್ಣು ಮಾಡಿದ ದಿನ ನನ್ನ ಕೈ ಹಿಡ್ಕೊಂಡು ನಿಂತಿದ್ದು ನೀವು. ಅಪ್ಪ ಇದಾನೋ ಇಲ್ವೋ, ಅಷ್ಟು ಹೇಳಿ. ಮಿಕ್ಕಿದ್ದು ಏನೂ ಬೇಡ."

ಸಿರಿಲ್ ಫೋರ್ಕ್ ಕೆಳಗಿಟ್ಟ. ಇಪ್ಪತ್ತು ವರ್ಷ ಮೈಕಿನಲ್ಲಿ ಕೂಗಿದ ಗಂಟಲು ಈಗ ಪಿಸುದನಿಗೆ ಇಳಿಯಿತು.

"ಗೊತ್ತಿಲ್ಲ ಕಂದ. ದೇವರಾಣೆಗೂ ಗೊತ್ತಿಲ್ಲ. ನಡುವಿನ ಬಿಂಗೋ ಆಟ ಶುರುವಾಗೋ ಮೊದಲು ವಾಲಿ ನನ್ನ ಹತ್ರ ಬಂದ. ಸಿರಿಲ್, ನಾಳೆ ಯಾರಾದ್ರೂ ನನ್ನ ಕೇಳಿದ್ರೆ, ದಿನಾ ಹೋಗೋ ಹಾಗೇ ಹೋದ ಅಂತ ಹೇಳು, ಬೇರೆ ಏನೂ ಹೇಳ್ಬೇಡ, ಮಾತು ಕೊಡು ಅಂದ. ನಾನು ತಮಾಷೆ ಅಂದ್ಕೊಂಡು ಕೊಟ್ಟೆ. ಆಮೇಲೆ ಕರೆಂಟು ಹೋಯ್ತು. ಮೇಣದಬತ್ತಿ ಹಚ್ಕೊಂಡು ಬರ್ತೀನಿ, ವಾಲಿ ಇಲ್ಲ. ಗಿಟಾರೂ ಇಲ್ಲ. ವಾಲ್ವು ಮಾತ್ರ ಅಲ್ಲೇ ಇದೆ!"

"ಆಗ?"

"ಆಗ ಏನು? ವಾಲ್ವು ಬಿಟ್ಟು ಹೋದೋನು ದಿನಾ ಹೋಗೋ ಹಾಗೆ ಹೋದ ಅಂದ್ರೆ ಈ ಕ್ಲಬ್ಬಲ್ಲಿ ಯಾರು ನಂಬ್ತಾರೆ? ಮಾತು ಕೊಟ್ಟಿದ್ದೆ. ಕಿತ್ತುಬಿಟ್ಟೆ. ಪ್ರಾಣ ಹೋಗೋ ಹಾಗೆ ಸುಡ್ತು. ಬಾರಿನ ಟವೆಲ್ ಸುತ್ತಿ ಬಚ್ಚಿಟ್ಟೆ. ಕ್ಲಬ್ಬಿಂದು ಹಾಕೋಣ ಅಂತ ಡಬ್ಬ ತೆಗೆದ್ರೆ ಡಬ್ಬ ಖಾಲಿ. ಬೆಳಿಗ್ಗೆ ಎದ್ದು ನಮ್ಮನೇಲಿ ಪ್ಲೇಟು ಹಾಕಿ ಹಾಡು ಕೇಳೋ ರೇಡಿಯೋಗ್ರಾಮಿಂದ ಎರಡು ಕಿತ್ಕೊಂಡು ಬಂದು ಹಾಕಿದೆ. ಅದಕ್ಕೂ ಇದಕ್ಕೂ ಒಂದೇ ಜಾತಿ ವಾಲ್ವು ಅಂತ ಯಾರೋ ಹೇಳಿದ್ದು ನೆನಪಿತ್ತು. ಕರೆಂಟು ಹೋಗಿ ಬಂದು ಮಾಡಿ ರೇಡಿಯೋಗ್ರಾಮ್ ಕೆಟ್ಟಿದೆ ಅಂತ ನಮ್ಮನೆಯವಳು ಸರ್ಕಾರಕ್ಕೆ ದಿನಾ ಶಾಪ ಹಾಕ್ತಿದಾಳೆ."

ಹೊರೇಸ್ ನಗಲು ಬಾಯಿ ತೆರೆದ. ಗ್ಲೆನಿಸಳ ಮುಖ ನೋಡಿ ಮುಚ್ಚಿಕೊಂಡ.

ಅವಳ ಕಣ್ಣು ಹೊಳೆಯುತ್ತಿತ್ತು. "ಅಂದ್ರೆ ಅಪ್ಪ ತಾನಾಗಿ ಹೋಗಿಲ್ಲ. ಅಮ್ಮನ ವಾಲ್ವು ಬಿಟ್ಟು ಅಪ್ಪ ಎಲ್ಲಿಗೂ ಹೋಗಲ್ಲ. ಯಾರೋ ಎಳ್ಕೊಂಡು ಹೋಗಿದಾರೆ! ಸಾರ್ಜೆಂಟ್ ಈಗ ಹುಡುಕ್ಲೇಬೇಕು, ಅಲ್ವಾ ಮಿಸೆಸ್ ಕ್ರಾನ್‌ಶಾ?"

ಅಪ್ಪನನ್ನು ಯಾರೋ ಎಳೆದೊಯ್ದರೆಂದು ಮಗಳು ಸಂತೋಷಪಡುವುದನ್ನು ಹಿಲ್ಡಾ ಮೊದಲ ಬಾರಿಗೆ ನೋಡುತ್ತಿದ್ದಳು. ನೋಡಲಾಗಲಿಲ್ಲ. ಏಕೆಂದರೆ ಆ ಖಾಲಿ ಡಬ್ಬ ಅವಳ ತಲೆಯಲ್ಲಿ ಆಗಲೇ ಸದ್ದು ಮಾಡತೊಡಗಿತ್ತು.

"ಸಿರಿಲ್, ಡಬ್ಬ ಯಾಕೆ ಖಾಲಿ ಅಂತ ಯೋಚಿಸ್ಲಿಲ್ವಾ?"

"ಹಿಂದಿನ ವಾರದ ಗಿಟಾರಿನವನು ಕದ್ದ ಅಂದ್ಕೊಂಡೆ. ಪಕ್ಕದೂರು ಬರ್ನ್‌ಲಿ ಕಡೆಯೋನು."

"ಬರ್ನ್‌ಲಿಯೋನು ಅಂದ್ರೆ ಸಾಕು, ಮುಂದಕ್ಕೆ ಯೋಚಿಸೋದೇ ಬೇಡ ನಿಮಗೆ!" ಹಿಲ್ಡಾಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಎಲ್ಲಿ ಆ ಟವೆಲ್?"

ಸಿರಿಲ್ ಕುರ್ಚಿ ಹತ್ತಿ ಕಪಾಟಿನಿಂದ ಅತಿ ದೊಡ್ಡ ಬೆಳ್ಳಿ ಬಟ್ಟಲನ್ನು ಇಳಿಸಿದ. ಒಳಗೆ ಟವೆಲ್ಲಿನ ಗಂಟು ಹಾಗೇ ಇತ್ತು. ಮುಟ್ಟಿದರೆ ಪಾಪ ಎಂಬಂತೆ ಅವನು ಆ ರಾತ್ರಿಯ ನಂತರ ಅದನ್ನು ಬಿಚ್ಚಿರಲಿಲ್ಲ. ಬಟ್ಟೆಯ ಮೇಲೆ ಎರಡು ಕಡೆ ಕಂದಾಗಿ ಸುಟ್ಟ ಕಲೆ.

ಗ್ಲೆನಿಸ್ ಗಂಟು ಬಿಚ್ಚಿದಳು. ವಾಲ್ವುಗಳನ್ನು ಒಂದೊಂದಾಗಿ ತಿರುಗಿಸಿ ಬುಡ ನೋಡಿದಳು. ಒಮ್ಮೆ ಬರಿಗೈಯಿಂದ, ಇನ್ನೊಮ್ಮೆ ಕೋಟಿನ ತೋಳಿನಿಂದ ಉಜ್ಜಿ ನೋಡಿದಳು.

ಎರಡಕ್ಕೂ ಕೆಂಪು ಚುಕ್ಕೆ.

ಪೈ ತಣ್ಣಗಾಗುತ್ತಿತ್ತು.

"ಇದು ಕ್ಲಬ್ಬಿಂದಲ್ವಾ?" ಎಂದ ಸಿರಿಲ್, ಪೆಚ್ಚಾಗಿ. "ಕತ್ತಲಲ್ಲಿ ನಾನು ಚುಕ್ಕೆ ನೋಡ್ಲಿಲ್ಲ."

ಹೇಳಬೇಕಾದ್ದನ್ನು ಹಿಲ್ಡಾ ಹೇಳಲೇಬೇಕಾಯಿತು. "ಕರೆಂಟು ಹೋದಾಗ ವಾಲಿ ನುಡಿಸ್ತಿದ್ದಿದ್ದು ಕ್ಲಬ್ಬಿನ ವಾಲ್ವಿನಲ್ಲಿ. ತನ್ನ ಜೋಡೀನ ಮೊದಲೇ ಕಿತ್ಕೊಂಡಿದ್ದ. ಬಿಂಗೋ ನಡೀವಾಗ, ತಣ್ಣಗಾಗೋವರೆಗೂ ಕಾದು. ಕರೆಂಟು ಯಾವಾಗ ಹೋಗುತ್ತೆ ಅಂತ ಪೇಪರಲ್ಲೇ ಇತ್ತು. ಅದು ಅವನಿಗೂ ಗೊತ್ತಿತ್ತು."

"ಹಾಗಾದ್ರೆ," ಎಂದಳು ಗ್ಲೆನಿಸ್. "ಹಾಗಾದ್ರೆ ಬೈಬೇಕಾದ್ದೇ. ಅಮ್ಮನ್ನ ಜೇಬಿಗೆ ಹಾಕ್ಕೊಂಡು, ನನ್ನ ಬಿಟ್ಟು ಹೋದ."

ಹೊರೇಸ್ ಅವಳ ಹೆಗಲ ಮೇಲೆ ಕೈಯಿಟ್ಟ. ಅವಳು ಕೈ ಸರಿಸಿದಳು.

ಹಿಲ್ಡಾಳಿಗೆ ತನ್ನ ಬುದ್ಧಿವಂತಿಕೆಯ ಮೇಲೇ ಜಿಗುಪ್ಸೆ ಬಂತು. ಒಂದು ಮಗುವಿನ ಕೈಯಿಂದ ಆಸೆಯನ್ನು ಕಿತ್ತುಕೊಳ್ಳುವುದಕ್ಕೆ ಬೊಬ್ಬೆ ಬರಿಸಿಕೊಂಡು ಕೂತಿದ್ದೆನೇ ಎನಿಸಿತು. ಆದರೆ ಯೋಚನೆ ನಿಲ್ಲಲಿಲ್ಲ. ಓಡಿಹೋಗುವವನು ಬಿಂಗೋ ಹೊತ್ತಿನಲ್ಲೇ ಓಡಿಹೋಗಬಹುದಿತ್ತು. ಎಲ್ಲರ ತಲೆಯೂ ಅಂಕಿಯ ಚೀಟಿಯ ಮೇಲೆ ಬಗ್ಗಿರುವ ಹೊತ್ತು ಅದು. ಮತ್ತೆ ಬಂದು ಯಾಕೆ ನುಡಿಸಿದ?

"ಹೊರೇಸ್, ಬಿಂಗೋ ಹೊತ್ತಲ್ಲಿ ವಾಲಿ ಎಲ್ಲಿದ್ದ?"

"ಮೊದಲು ಪೆಟ್ಟಿಗೆ ಹತ್ರ ಕೂತು ಸಿಗರೇಟು ಸೇದ್ತಿದ್ದ. ಆಮೇಲೆ ಕಾಣ್ಲಿಲ್ಲ. ಕಡೇ ಆಟಕ್ಕೆ ವಾಪಸ್ ಬಂದ, ಏದುಸಿರು ಬಿಡ್ತಾ. ಗಾಳಿಗೆ ಹೋಗಿದ್ದೆ ಅಂದ."

"ಬಿಂಗೋ ಆಡದೆ ಇನ್ಯಾರಾದ್ರೂ ಇದ್ರಾ?"

ಸಿರಿಲ್ ಚುರುಕಾದ. ಬಿಂಗೋ ಆಡದವರು ಅವನಿಗೆ ನಾಸ್ತಿಕರಿಗಿಂತ ಚೆನ್ನಾಗಿ ನೆನಪಿರುತ್ತಿದ್ದರು. "ಒಬ್ಬ ಇದ್ದ. ಮುಂದಿನ ಸಾಲಲ್ಲಿ, ಟೋಪಿ ತೆಗೀದೆ ಕೂತಿದ್ದ. ಚೀಟಿ ತಗೊಳ್ಳಲ್ಲ ಅಂದ. ಬಿಯರೂ ಬೇಡ್ವಂತೆ. ಇಡೀ ಸಂಜೆ ಕಿತ್ತಳೆ ಶರಬತ್ತು ಕುಡೀತಾ ವಾಲಿಯನ್ನೇ ನೋಡ್ತಿದ್ದ. ಕ್ಲಬ್ಬಿಗೆ ಬಂದು ಶರಬತ್ತು! ಮೇಣದಬತ್ತಿ ಹಚ್ಚಿದಾಗ ಅವನೂ ಇರ್ಲಿಲ್ಲ."

ಹಿಲ್ಡಾ ಅವನನ್ನು ದಿಟ್ಟಿಸಿದಳು. "ಇದನ್ನ ಪೊಲೀಸರಿಗೆ ಹೇಳಿದ್ರಾ?"

"ಮಾತು ಕೊಟ್ಟಿದ್ನಲ್ಲ. ಬೇರೆ ಏನೂ ಹೇಳ್ಬೇಡ ಅಂದಿದ್ದ."

ಅವನನ್ನು ಬೈಯುವುದಕ್ಕೂ ಹಿಲ್ಡಾಳಿಗೆ ಪುರುಸೊತ್ತಿರಲಿಲ್ಲ. ಅವಳ ತಲೆ ಬೇರೆ ದಾರಿ ಹಿಡಿದಿತ್ತು. ಬಿಂಗೋ ಅರ್ಧ ಗಂಟೆ. ವಾಲಿಯ ಮನೆ ಇಲ್ಲಿಂದ ಎರಡೇ ಬೀದಿ. ಜೇಬಿನಲ್ಲಿ ನೀಲಿ ಚುಕ್ಕೆಯ ಜೋಡಿ. ಅದಕ್ಕೂ ಇದಕ್ಕೂ ಒಂದೇ ಜಾತಿ ವಾಲ್ವು ಎಂದಿದ್ದ ಸಿರಿಲ್.

"ಗ್ಲೆನಿಸ್, ನಿಮ್ಮನೇಲಿ ರೇಡಿಯೋಗ್ರಾಮ್ ಇದೆಯಾ?"

"ಇದೆ. ಅಮ್ಮಂದು. ಅಪ್ಪ ಹೋದಮೇಲೆ ನಾನು ಮುಚ್ಚಳಾನೂ ತೆಗೆದಿಲ್ಲ."

"ಮಿಸೆಸ್ ಪಾಮ್‌ಫ್ರೆಟ್‌ಗೆ ಮಧ್ಯಾಹ್ನ ಕೇಳಿಸೋದು ಗಡಿಯಾರ ಅಲ್ಲ ಕಣೆ," ಎಂದು ಹಿಲ್ಡಾ ಆಗಲೇ ಕೋಟು ಎತ್ತಿಕೊಂಡಿದ್ದಳು. "ನಡಿ. ಹೊರೇಸ್, ನೀನು ಹೋಗಿ ಸಾರ್ಜೆಂಟನ್ನ ಕರ್ಕೊಂಡು ಬಾ. ಬರಲ್ಲ ಅಂದ್ರೆ ಡ್ರಮ್ ಬಾರಿಸು."

* * *

ಗ್ಲೆನಿಸ್ ಬೀಗ ತೆಗೆದಳು. ಬೀದಿಗೇ ತೆರೆದುಕೊಳ್ಳುವ ಮುಂದಿನ ಕೋಣೆ ತಣ್ಣಗಿತ್ತು. ಕಿಟಕಿಯ ಪರದೆ ಅರ್ಧ ಎಳೆದಿತ್ತು. ಗೋಡೆಗೆ ಒತ್ತಿಟ್ಟ ರೇಡಿಯೋಗ್ರಾಮಿನ ಮೇಲೆ ಕಸೂತಿಯ ಬಟ್ಟೆ, ಅದರ ಮೇಲೆ ನೆಲ್ಲಿಯ ಫೋಟೋ. ನಗುನಗುತ್ತಾ ಕಾರ್ಖಾನೆಯ ಬಿಳಿ ಮೇಲಂಗಿಯಲ್ಲಿ ನಿಂತಿದ್ದಾಳೆ.

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಗೋಡೆಯಿಂದ ಮುಂದಕ್ಕೆ ಸರಿಸಿದರು. ಹಿಂಬದಿಯ ತೂತುಹಲಗೆಯ ನಾಲ್ಕು ಸ್ಕ್ರೂಗಳಲ್ಲಿ ಮೂರು ಇರಲೇ ಇಲ್ಲ. ಉಳಿದ ಒಂದರ ಮೇಲೆ ಹಲಗೆ ಬಾಗಿಲಿನಂತೆ ಪಕ್ಕಕ್ಕೆ ತಿರುಗಿತು.

ಒಳಗೆ ಪೆಟ್ಟಿಗೆಯ ತಳದಲ್ಲಿ ಹಳದಿ ಬಣ್ಣದ ಪುಟ್ಟ ಕಾಲುಚೀಲ ಕೂತಿತ್ತು. ಗ್ಲೆನಿಸ್ ಅದನ್ನು ಎತ್ತಿಕೊಂಡು ಎದೆಗೊತ್ತಿಕೊಂಡಳು. ಚೀಲದೊಳಗೆ ರೇಡಿಯೋಗ್ರಾಮಿನ ಹಳೆಯ ಜೋಡಿ ಇತ್ತು. ಅವುಗಳ ಜಾಗದಲ್ಲಿ ನೆಟ್ಟಗೆ ನಿಂತಿದ್ದವು ಎರಡು ವಾಲ್ವು, ಬುಡದಲ್ಲಿ ನೀಲಿ ಚುಕ್ಕೆ ಇಟ್ಟುಕೊಂಡು.

"ನನಗೆ ಕೊಟ್ಟು ಹೋಗಿದಾನೆ," ಎಂದಳು ಗ್ಲೆನಿಸ್. ಕೊನೆಗೂ ಅವಳಿಗೆ ಅಳು ಬಂತು. "ಜೇಬಿಗೆ ಹಾಕ್ಕೊಂಡು ಹೋಗ್ಲಿಲ್ಲ. ಅಮ್ಮನ್ನ ನನ್ನ ಹತ್ರ ಬಿಟ್ಟು ಹೋಗಿದಾನೆ. ನಾನು ಒಂದು ದಿನಾನೂ ಹಾಕಿ ಕೇಳ್ಲಿಲ್ವಲ್ಲ."

ಹಿಲ್ಡಾಳ ಕಣ್ಣೂ ತೇವವಾಯಿತು. ಅದನ್ನು ಮುಚ್ಚಿಕೊಳ್ಳಲು ಎಂಬಂತೆ ಒಳಕ್ಕೆ ಬಗ್ಗಿ, ಹಾಲುಹಲ್ಲಿನ ಪಾಠ ನೆನಪಿಸಿಕೊಂಡು, ವಾಲ್ವಿಗೆ ಕೈ ಹಾಕಿದಳು.

ಮರುಗಳಿಗೆ ಕೈ ಹಿಂದಕ್ಕೆಳೆದುಕೊಂಡಳು.

ಈ ಸಲ ಕೂಗಲಿಲ್ಲ. ಅದೇ ಬೆರಳು, ಅದೇ ಬೊಬ್ಬೆಯ ಮೇಲೆ ಅದೇ ಉರಿ. ಯಾರೋ ಈ ಪೆಟ್ಟಿಗೆಯನ್ನು ಆರಿಸಿ, ಹೊರೇಸ್ ಹೇಳಿದ್ದ ಸಿಗರೇಟು ಸೇದಿ ಮುಗಿಸುವಷ್ಟು ಹೊತ್ತೂ ಆಗಿರಲಿಲ್ಲ.

"ಏನಾಯ್ತು?"

"ಬಿಸಿ ಇದೆ."

ಗ್ಲೆನಿಸಳ ಮುಖದಲ್ಲಿ ಬೆಳಕು ಹತ್ತಿತು. "ಈ ಮನೆಗೆ ಇರೋದು ಎರಡೇ ಬೀಗದ ಕೈ. ಒಂದು ನನ್ನ ಹತ್ರ, ಇನ್ನೊಂದು ಅಪ್ಪನ ಹತ್ರ. ಅಪ್ಪ! ನಾನಿಲ್ಲದ ಹೊತ್ತಲ್ಲಿ ಬಂದು ಅಮ್ಮನ್ನ ಕೇಳ್ತಿದಾನೆ! ಇಲ್ಲೇ ಇದಾನೆ!"

ಕಾಲುಚೀಲವನ್ನು ಮುಷ್ಟಿಯಲ್ಲಿ ಹಿಡಿದು ಅವಳು ಮೆಟ್ಟಿಲ ಕಡೆ ಓಡಿದಳು. "ಅಪ್ಪಾ! ಅಪ್ಪಾ, ನಾನು ಬೈಯಲ್ಲ, ಕೆಳಗೆ ಬಾ!"

ಹಿಲ್ಡಾಳೂ ಎದ್ದಳು. ಎದ್ದವಳು ಅಲ್ಲೇ ನಿಂತಳು. ವಾಲಿಯ ಆರಾಮಕುರ್ಚಿಯ ಪಕ್ಕದಲ್ಲಿ, ನೆಲದ ಮೇಲೆ ಒಂದು ಗಾಜಿನ ಲೋಟವಿತ್ತು. ತಳದಲ್ಲಿ ಎರಡು ಗುಟುಕು ಉಳಿದಿತ್ತು. ಬಣ್ಣ ನೋಡಿದರೆ ಸಾಕಾಗಿತ್ತು, ಆದರೂ ಎತ್ತಿ ಮೂಸಿದಳು. ಕಿತ್ತಳೆ ಶರಬತ್ತು.

"ಗ್ಲೆನಿಸ್!" ಅವಳು ಮೆಟ್ಟಿಲ ಬುಡಕ್ಕೆ ಧಾವಿಸಿ ಹುಡುಗಿಯ ಕೋಟಿನ ಬೆಲ್ಟನ್ನು ಹಿಡಿದಳು. "ನಿಮ್ಮಪ್ಪ ಶರಬತ್ತು ಕುಡೀತಾರಾ?"

"ಅಪ್ಪನಾ? ಅದರ ವಾಸನೆ ಕಂಡ್ರೇ ಆಗಲ್ಲ," ಎಂದು ಗ್ಲೆನಿಸ್ ತಿರುಗಿದಳು. ಹಿಲ್ಡಾಳ ಕೈಯಲ್ಲಿದ್ದ ಲೋಟ ನೋಡಿದಳು. ಒಂದು ಮೆಟ್ಟಿಲು ಕೆಳಗಿಳಿದಳು.

ಮೇಲಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಹಲಗೆಯ ನೆಲದ ಮೇಲೆ, ಮೆಟ್ಟಿಲ ಕಡೆಗೆ, ನಿಧಾನವಾಗಿ ಹೆಜ್ಜೆಗಳು ಬರತೊಡಗಿದವು. ಒಬ್ಬರದಲ್ಲ, ಇಬ್ಬರದು.